ದೇವಕಣಗಲ

ನನ್ನ ತವರು ಆಳಂದ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಹಿತ್ತಲ ಗೋಡೆಗೆ ಹತ್ತಿ ಒಂದು ದೇವಕಣಗಲ ಗಿಡವಿತ್ತು. ಬೇಸಿಗೆ ಬಂತೆಂದರೆ ಎಲೆಯೆಲ್ಲ ಉದುರಿ, ಬೂದು ಬಣ್ಣದ ದಪ್ಪ ಟೊಂಗೆಗಳು ಬೋಳಾಗಿ ನಿಲ್ಲುತ್ತಿದ್ದವು. ಆ ಬೋಳು ಟೊಂಗೆಗಳ ತುದಿಯಲ್ಲಿಯೇ ಗೊಂಚಲು ಗೊಂಚಲಾಗಿ ಬಿಳಿ ಹೂ, ಹೂವಿನ ನಡುವೆ ಅರಿಷಿಣದ ಬಣ್ಣ. ರಾತ್ರಿ ಅಂಗಳದಲ್ಲಿ ಮಲಗಿದರೆ ಅದರ ಪರಿಮಳ ಹಾಸಿಗೆಯವರೆಗೆ ಬರುತ್ತಿತ್ತು.

ಅವ್ವ ಮೂವತ್ತು ತುಂಬುವುದರೊಳಗೆ ಅಪ್ಪನನ್ನು ಕಳೆದುಕೊಂಡವಳು. ಆಮೇಲೆ ಮಲ್ಲಿಗೆ, ಸೇವಂತಿಗೆ ಅವಳ ಪಾಲಿಗೆ ಇಲ್ಲವಾದವು. ಆದರೆ ಬೆಳಗಾಗುತ್ತಲೇ ನೆಲಕ್ಕೆ ಬಿದ್ದ ದೇವಕಣಗಲ ಹೂಗಳನ್ನು ಸೆರಗಿನಲ್ಲಿ ಆಯ್ದು ತಂದು ದೇವರ ಜಗುಲಿಗೆ ಏರಿಸುತ್ತಿದ್ದಳು. ಎರಡು ಹೂ ಮಾತ್ರ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. “ನಿನಗ ಹೂ ನಡೀತದೇನವ್ವಾ?” ಎಂದು ಸಣ್ಣವಳಿದ್ದಾಗ ಕೇಳಿದ್ದೆ. “ಇದು ಮುಡಿಯೂ ಹೂ ಅಲ್ಲ ಬಿಡು, ಇದಕ್ಕ ಯಾರೂ ಏನೂ ಅನ್ನಂಗಿಲ್ಲ” ಅಂದಿದ್ದಳು.

ಮೊದಲು ಅಕ್ಕನ ಮದುವೆಯಾಯಿತು, ಅಫಜಲಪುರ ತಾಲ್ಲೂಕಿಗೆ. ೧೯೭೪ರಲ್ಲಿ ನನ್ನನ್ನು ಜೇವರ್ಗಿಗೆ ಕೊಟ್ಟರು. ನಮ್ಮ ಆಳಂದದ ಕಡೆಯ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡಿ ಜೇವರ್ಗಿ ಸೀಮೆಗೆ ಇಳಿಯುತ್ತದೆ. ನಮ್ಮ ಗಿಡವೂ ಅದೇ ದಾರಿ ಹಿಡಿಯಿತು. ಅವ್ವ ಇಬ್ಬರಿಗೂ ಒಂದೊಂದು ಟೊಂಗೆ ಮುರಿದುಕೊಟ್ಟಳು. ಕಡಿದ ಕೂಡಲೇ ಹಚ್ಚಬಾರದು, ಹಾಲು ಆರುವ ತನಕ ನಾಲ್ಕು ದಿನ ನೆರಳಿನಲ್ಲಿಡಬೇಕು, ಆ ಹಾಲು ಕಣ್ಣಿಗೆ ತಾಗಬಾರದು ಎಂದು ಹೇಳಿಕೊಟ್ಟಳು.

ಜೇವರ್ಗಿಯಲ್ಲಿ ಟೊಂಗೆ ನೋಡಿದ ಕೂಡಲೇ ಅತ್ತೆಯವರ ಮುಖ ಕಪ್ಪಿಟ್ಟಿತು. “ಮಸಣದ ಗಿಡ ತಂದು ಮನಿ ಮುಂದ ಹಚ್ಚತೀಯೇನವ್ವಾ?” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಗುಡಿ, ಮಠಗಳಲ್ಲಿ ಇರುವಂತೆಯೇ ದರ್ಗಾಗಳಲ್ಲಿ, ಖಬರಸ್ತಾನಗಳಲ್ಲಿ, ನಮ್ಮವರನ್ನು ಹೂಳುವ ರುದ್ರಭೂಮಿಯಲ್ಲಿಯೂ ಈ ಗಿಡವಿರುತ್ತದೆ. ಕಡೆಗೆ ಅದನ್ನು ಮನೆಯ ಹಿಂದೆ, ದನದ ಕೊಟ್ಟಿಗೆಯ ಆಚೆ ಹಚ್ಚಿದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಆದರೆ ನಮ್ಮ ಮನೆಯ ಆಡು ಇದನ್ನು ಮೂಸಿ ನೋಡಿ ಹಿಂದೆ ಸರಿಯಿತು.

ಇದು ಮಸಣಕ್ಕೆ ಏಕೆ ಸೇರಿತು ಎಂಬುದು ಆಗ ನನಗೆ ಅರ್ಥವಾಯಿತು. ನೀರು ಹಾಕುವವರಿಲ್ಲದ, ಬೇಲಿ ಕಟ್ಟುವವರಿಲ್ಲದ ಜಾಗದಲ್ಲಿ ಬದುಕುವ ಗಿಡ ಇದು. ದಪ್ಪ ಕಾಂಡದಲ್ಲಿ ತನ್ನ ನೀರನ್ನು ತಾನೇ ಕೂಡಿಟ್ಟುಕೊಳ್ಳುತ್ತದೆ, ಹಾಲಿನಿಂದಾಗಿ ದನಕರು ಬಾಯಿ ಹಾಕುವುದಿಲ್ಲ. ಮುರಿದು ಬಿಸಾಕಿದ ಟೊಂಗೆಯೂ ಕೆಲವು ದಿನ ಹೂ ಬಿಡುತ್ತದೆ. ದಿನವೂ ಬಂದು ಹೂ ಏರಿಸುವವರಿಲ್ಲದ ಗೋರಿಗೆ ತಾನೇ ಹೂ ಉದುರಿಸುತ್ತದೆ.

ನಮ್ಮ ಓಣಿಯ ಮುಸಲ್ಮಾನ ಹೆಣ್ಣುಮಕ್ಕಳು ಇದನ್ನು ಗುಲ್‌ಚೀನ್ ಅನ್ನುತ್ತಿದ್ದರು. ಉಮರ್ಗಾ, ಅಕ್ಕಲಕೋಟೆ ಕಡೆಯ ಮರಾಠಿ ಬೀಗರು ಚಾಫಾ ಅನ್ನುತ್ತಿದ್ದರು. ಗೋಸಂಪಿಗೆ ಎಂಬ ಹೆಸರೂ ಉಂಟು. ಆದರೆ ಇದು ನಮ್ಮ ಹಳೆಯ ಕವಿಗಳ ಸಂಪಿಗೆಯಲ್ಲ. ಅದರ ಕುಲವೇ ಬೇರೆ. ಇದು ಕಣಗಿಲೆಯ ಕುಲದ್ದು. ಹುಟ್ಟಿದ್ದು ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆ. ಆ ದ್ವೀಪಗಳಲ್ಲಿ ಗಿಡಮರಗಳನ್ನು ನೋಡುತ್ತ ತಿರುಗಿದ ಚಾರ್ಲ್ಸ್ ಪ್ಲೂಮಿಯೆ ಎಂಬ ಫ್ರೆಂಚ್ ಸನ್ಯಾಸಿಯ (೧೬೪೬–೧೭೦೪) ಹೆಸರಿನಿಂದ ಇದಕ್ಕೆ ಪ್ಲುಮೇರಿಯಾ ಎಂಬ ಹೆಸರು ಬಂತು. ಇಂದು ಅಲ್ಲಿಯ ನಿಕರಾಗುವಾ ದೇಶಕ್ಕೂ, ಇತ್ತ ಏಷ್ಯಾದ ಲಾವೋಸ್ ದೇಶಕ್ಕೂ ಇದೇ ರಾಷ್ಟ್ರೀಯ ಹೂ.

ಕೊಲಂಬಸ್ ಆ ಕಡೆಯ ದಡ ಮುಟ್ಟಿದ್ದು ೧೪೯೨ರಲ್ಲಿ. ಅಲ್ಲಿಯ ಗಿಡ ಹಡಗು ಹತ್ತಿ ಇಲ್ಲಿಗೆ ಬಂದದ್ದು ಅದರ ನಂತರವೇ. ಹಾಗಾದರೆ ೧೨ನೇ ಶತಮಾನದ ಶರಣರು ಈ ಹೂವನ್ನು ಕಂಡವರಲ್ಲ. ಆಳಂದದ ಲಾಡ್ಲೆ ಮಶಾಯಿಕರು, ೧೪೨೨ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಬಂದೇ ನವಾಜರು, ೧೫ನೇ ಶತಮಾನದಲ್ಲಿ ಗಾಣಗಾಪುರದಲ್ಲಿದ್ದ ನರಸಿಂಹ ಸರಸ್ವತಿಗಳು, ಇವರಾರೂ ಇದರ ಪರಿಮಳ ಬಲ್ಲವರಲ್ಲ. ನಾವೋ, ಇದು ಅನಾದಿ ಕಾಲದ್ದೆಂದು ಹೆಸರಿಗೆ ‘ದೇವ’ ಸೇರಿಸಿದೆವು. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಶೇಂಗಾ, ಅದಕ್ಕೆ ಹಾಕುವ ಒಣ ಮೆಣಸಿನಕಾಯಿ, ಎರಡೂ ಆ ಖಂಡದಿಂದಲೇ ಬಂದವು.

ಅವ್ವನಿಗೆ ಯಾರೂ ಏನೂ ಅನ್ನದಿದ್ದುದಕ್ಕೆ ಕಾರಣ ಇದೇ ಇರಬೇಕೆಂದು ನನ್ನ ಊಹೆ. ಯಾವ ಹೂ ಯಾರು ಮುಡಿಯಬೇಕು, ಯಾರು ಮುಡಿಯಬಾರದು ಎಂದು ಹಿರಿಯರು ಕಟ್ಟಳೆ ಮಾಡುವಾಗ ಈ ಹೂ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ತಡವಾಗಿ ಬಂದದ್ದು ಆ ಪಟ್ಟಿಯಿಂದ ತಪ್ಪಿಸಿಕೊಂಡಿತು.

೧೯೮೬ರಲ್ಲಿ ಮಾವನವರು ತೀರಿಕೊಂಡರು. ಅತ್ತೆಯವರ ಮುತ್ತೈದೆತನ ಹೋಯಿತು, ಅದರ ಹಿಂದೆಯೇ ದಿನಾ ಸಂಜೆ ಮನೆಗೆ ಬರುತ್ತಿದ್ದ ಮಲ್ಲಿಗೆಯ ಮೊಳವೂ ನಿಂತಿತು. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಕೊಟ್ಟಿಗೆಯ ಹಿಂದೆ ಹೂ ಆಯುತ್ತಿದ್ದೆ. ಅತ್ತೆಯವರು ಬಂದು ನಿಂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಎರಡು ಕೊಡು” ಎಂದು ಕೈ ಒಡ್ಡಿದರು. ಕೊಟ್ಟೆ. ಜಗುಲಿಗೆ ಏರಿಸುತ್ತಾರೆ ಅಂದುಕೊಂಡಿದ್ದೆ. ಅವರು ಅವನ್ನು ಮೂಗಿಗೆ ಹಿಡಿದುಕೊಂಡು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತರು.

ಅವ್ವ ಹೋದದ್ದು ೧೯೯೮ರಲ್ಲಿ. ಅಷ್ಟರಲ್ಲಿ ತವರಿನಲ್ಲಿ ಗೋಡೆ ಕಟ್ಟಿಸುವಾಗ ಹಳೆಯ ಗಿಡವನ್ನು ಕಡಿದಿದ್ದರು. ಮಣ್ಣು ಕೊಟ್ಟ ಹನ್ನೊಂದನೆಯ ದಿನ ಜೇವರ್ಗಿಯ ಗಿಡದಿಂದ ಒಂದು ಟೊಂಗೆ ಒಯ್ದು ಅವಳ ತಲೆಯ ಕಡೆ ಹಚ್ಚಿ ಬಂದೆ. ಟೊಂಗೆಯಿಂದ ಬೆಳೆದದ್ದು ಬೇರೆ ಗಿಡವಲ್ಲ, ತಾಯಿಗಿಡವೇ. ಟೊಂಗೆಯನ್ನು ನಾಲ್ಕು ದಿನ ಮೊದಲೇ ಮುರಿದು ನೆರಳಿನಲ್ಲಿಟ್ಟು ಆರಿಸಿ ಕೊಟ್ಟವರು ನಮ್ಮ ಅತ್ತೆ.