ದಿ ಬ್ಲಡ್ ಡೋನರ್

ಬಿಬಿಸಿ ಟೆಲಿವಿಷನ್ನಿನ ‘ಹ್ಯಾನ್‌ಕಾಕ್’ ಹಾಸ್ಯ ಧಾರಾವಾಹಿಯ ಒಂದು ಕಂತು. ಮೊದಲ ಪ್ರಸಾರ 1961ರ ಜೂನ್ 23. ರಚನೆ ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್. ನಿರ್ಮಾಣ ಡಂಕನ್ ವುಡ್. ನಾಯಕ ಟೋನಿ ಹ್ಯಾನ್‌ಕಾಕ್. ವೈದ್ಯನಾಗಿ ಪ್ಯಾಟ್ರಿಕ್ ಕಾರ್ಗಿಲ್, ನರ್ಸ್ ಆಗಿ ಜೂನ್ ವಿಟ್‌ಫೀಲ್ಡ್ ನಟಿಸಿದ್ದಾರೆ.

ಕಥೆ: ರಕ್ತದಾನಕ್ಕೆಂದು ಠೀವಿಯಿಂದ ಬಂದ ಹ್ಯಾನ್‌ಕಾಕ್, ಪರೀಕ್ಷೆಗಾಗಿ ತೆಗೆದ ತೊಟ್ಟು ರಕ್ತವನ್ನೇ ದಾನವೆಂದು ತಿಳಿದು ಹೊರಡಲು ಅಣಿಯಾಗುತ್ತಾನೆ. ಒಂದು ಪೈಂಟ್, ಅಂದರೆ ಅರ್ಧ ಲೀಟರಿಗೂ ಮಿಕ್ಕಿ, ಬೇಕೆಂದಾಗ ಹೌಹಾರುತ್ತಾನೆ. ತನ್ನದು ಅಪರೂಪದ ಗುಂಪಿನ ರಕ್ತವೆಂದು ತಿಳಿದೊಡನೆ ಉಬ್ಬಿಹೋಗಿ ಒಪ್ಪುತ್ತಾನೆ. ಕೊನೆಗೆ ಬ್ರೆಡ್ ಚಾಕುವಿನಿಂದ ಕೈ ಕೊಯ್ದುಕೊಂಡು ಆಸ್ಪತ್ರೆ ಸೇರಿದಾಗ, ಕೊಟ್ಟ ರಕ್ತ ಅವನಿಗೇ ವಾಪಸಾಗುತ್ತದೆ.

ವಿಡಂಬನೆ: 1948ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ರಕ್ತದಾನಕ್ಕೆ ಹಣವಿಲ್ಲ. ಇಲ್ಲಿ ನಗೆಯ ಗುರಿ ಆ ವ್ಯವಸ್ಥೆಗಿಂತ ಹೆಚ್ಚಾಗಿ ದಾನಿಯ ಜಂಬ.

ಸಟನ್ ನಂಟು: ಹಿಂದಿನ ‘ಹ್ಯಾನ್‌ಕಾಕ್ಸ್ ಹಾಫ್ ಅವರ್’ ಸರಣಿಯಲ್ಲಿ ಹ್ಯಾನ್‌ಕಾಕ್ ಪಾತ್ರದ ಕಾಲ್ಪನಿಕ ವಿಳಾಸ 23, ರೈಲ್ವೆ ಕಟಿಂಗ್ಸ್, ಈಸ್ಟ್ ಚೀಮ್. ಚೀಮ್ 1965ರಿಂದ ಲಂಡನ್ನಿನ ಸಟನ್ ಬರೋಗೆ ಸೇರಿದೆ. 1961ರ ಸರಣಿಯ ವೇಳೆಗೆ ಪಾತ್ರದ ವಾಸ ಅರ್ಲ್ಸ್ ಕೋರ್ಟ್‌ಗೆ ಬದಲಾಗಿತ್ತು.

ನಿರ್ಮಾಣ: ಕಾರು ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಹ್ಯಾನ್‌ಕಾಕ್‌ಗೆ ಸಂಭಾಷಣೆ ಬಾಯಿಪಾಠ ಮಾಡಲಾಗಲಿಲ್ಲ, ಟೆಲಿಪ್ರಾಂಪ್ಟರ್ ನೋಡಿ ಓದುತ್ತ ನಟಿಸಿದರು. ಅವರ ನೋಟ ಎದುರಿನ ನಟರನ್ನು ಬಿಟ್ಟು ಅತ್ತಿತ್ತ ಸರಿಯಲು ಇದೇ ಕಾರಣ.