ಕೊಡಚಾದ್ರಿಯ ಜೀಪೂ ಸಂಪೀಡಿತ ಗಾಳಿಯೂ

ಹೊಸನಗರ ತಾಲ್ಲೂಕಿನ ಕೊಡಚಾದ್ರಿ ಬೆಟ್ಟದ ಎತ್ತರ 1,343 ಮೀಟರ್. ಕೊಲ್ಲೂರು ಮತ್ತು ನಿಟ್ಟೂರು ಕಡೆಯಿಂದ ಯಾತ್ರಿಕರನ್ನು ತುಂಬಿಕೊಂಡು ಬೆಟ್ಟವೇರುವ ಜೀಪುಗಳನ್ನು ನೀವು ನೋಡಿರಬಹುದು. ಕಲ್ಲು, ಕೆಸರು, ಕೊರಕಲುಗಳ ಆ ದಾರಿಯಲ್ಲಿ ಜೀಪನ್ನು ಮೇಲಕ್ಕೆ ಒಯ್ಯುವುದು ಎಂಜಿನ್ನಿನ ಬಲವೊಂದೇ ಅಲ್ಲ. ಟೈರಿನೊಳಗಿನ ಗಾಳಿಗೂ ಅದರಲ್ಲಿ ದೊಡ್ಡ ಪಾಲಿದೆ. ಜಾರುವ ದಾರಿಗೆ ಗಾಳಿ ಕಡಿಮೆ ಇರಬೇಕು. ಡಾಂಬರು ರಸ್ತೆಗೆ ಮರಳಿದೊಡನೆ ಪುನಃ ತುಂಬಬೇಕು. ಇಳಿಸುವುದು ಸುಲಭ. ಕಾಡಿನ ನಡುವೆ ತುಂಬುವುದು ಹೇಗೆ? ವಾಹನದಲ್ಲೇ ಕಂಪ್ರೆಸರ್ ಕೂರಿಸುವ ವಿದ್ಯೆ ಹುಟ್ಟಿದ್ದು ಈ ಪ್ರಶ್ನೆಯಿಂದ.

ಟೈರಿನೊಳಗೆ ಗಾಳಿ ಬಂದ ಬಗೆ

ಜರ್ಮನಿಯ ಆಟೊ ಫಾನ್ ಗೆರಿಕ್ 17ನೆಯ ಶತಮಾನದ ಮಧ್ಯಭಾಗದಲ್ಲಿ ಪಾತ್ರೆಯಿಂದ ಗಾಳಿಯನ್ನು ಹೊರತೆಗೆಯುವ ಪಂಪನ್ನು ರಚಿಸಿದ. ಅದೇ ಪಂಪಿನ ಕವಾಟಗಳನ್ನು ತಿರುವುಮುರುವಾಗಿಸಿದರೆ ಗಾಳಿಯನ್ನು ಒಳಕ್ಕೆ ತುರುಕಬಹುದು. ತಾಪ ಬದಲಾಗದಿದ್ದರೆ ಗಾಳಿಯ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ ಎಂಬುದನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ. ಇಂದಿನ ಎಲ್ಲ ಕಂಪ್ರೆಸರುಗಳ ಲೆಕ್ಕ ಇಲ್ಲಿಂದಲೇ ಆರಂಭವಾಗುತ್ತದೆ.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್, 1845ರಲ್ಲಿ. ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೊಮ್ಮೆ ಕಂಡುಹಿಡಿದ. 1895ರ ಪ್ಯಾರಿಸ್–ಬೋರ್ಡೊ ಮೋಟಾರು ಪಂದ್ಯದಲ್ಲಿ ಮಿಷೆಲಿನ್ ಸೋದರರು ಗಾಳಿ ಟೈರಿನ ಕಾರನ್ನು ಓಡಿಸಿದರು. ಅಂದಿನಿಂದ ಮೋಟಾರಿನ ಜೊತೆ ಪಂಪೂ ಪ್ರಯಾಣ ಮಾಡುವುದು ಅನಿವಾರ್ಯವಾಯಿತು.

ಬೆಟ್ಟ ಕೊರೆದ ಗಾಳಿ

ಇಷ್ಟರಲ್ಲಿ ಸಂಪೀಡಿತ ಗಾಳಿ ಬೇರೆ ಕೆಲಸಗಳಲ್ಲಿ ಪಳಗಿತ್ತು. ಫ್ರಾನ್ಸ್–ಇಟಲಿ ನಡುವಿನ ಮಾಂಟ್ ಸೆನಿಸ್ ಸುರಂಗದಲ್ಲಿ (1857–1871) ಎಂಜಿನಿಯರ್ ಜರ್ಮೇನ್ ಸೊಮೆಯೆ, ನೀರಿನ ಬಲದಿಂದ ಗಾಳಿಯನ್ನು ಒತ್ತಿ, ಕೊಳವೆಗಳ ಮೂಲಕ ಒಳಗೆ ಕಳಿಸಿ ಬಂಡೆ ಕೊರೆಯುವ ಯಂತ್ರಗಳನ್ನು ನಡೆಸಿದ. ಕೆಲಸ ಮುಗಿಸಿ ಹೊರಬಿದ್ದ ಗಾಳಿ ಕಾರ್ಮಿಕರ ಉಸಿರಾಟಕ್ಕೂ ಒದಗಿತು. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿನ ಏರ್ ಬ್ರೇಕಿಗೆ ಪೇಟೆಂಟ್ ಪಡೆದ. ಅದರ ವಂಶವೇ ಮುಂದೆ ಲಾರಿ, ಬಸ್ಸುಗಳಿಗೆ ಬಂತು.

ಸಾಗರ ತಾಲ್ಲೂಕಿನಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದದ್ದು 1964ರಲ್ಲಿ. ಅಂಥ ಕಾಮಗಾರಿಗಳಲ್ಲಿ ಬಂಡೆ ಕೊರೆಯಲು ಸಂಪೀಡಿತ ಗಾಳಿಯೇ ಮುಖ್ಯ ಸಾಧನವಾಗಿದ್ದ ಕಾಲವದು. ಶರಾವತಿ ಮುಳುಗಡೆಯಿಂದ ಮನೆ, ತೋಟಗಳೊಂದಿಗೆ ಹಳೆಯ ದಾರಿಗಳೂ ನೀರಿನಡಿ ಸೇರಿದವು. ಹಿನ್ನೀರಿನ ಆಚೆ ಉಳಿದ ಕರೂರು ಸೀಮೆಯ ಊರುಗಳಿಗೆ ಲಾಂಚ್ ಮತ್ತು ಕೆಸರು ರಸ್ತೆಗಳೇ ಗತಿಯಾದವು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಮಲೆನಾಡಿನಲ್ಲಿ ಜೀಪು ಬಹುಕಾಲ ಮೋಜಿನ ವಾಹನವಾಗಿರಲಿಲ್ಲ. ರೋಗಿಯನ್ನೂ ಬಾಣಂತಿಯನ್ನೂ ಅಡಿಕೆ ಮೂಟೆಯನ್ನೂ ಪೇಟೆಗೆ ಮುಟ್ಟಿಸುವ ಸಾಧನವಾಗಿತ್ತು.

ಲಾರಿಗಿತ್ತು, ಜೀಪಿಗಿರಲಿಲ್ಲ

ಎರಡನೆಯ ಮಹಾಯುದ್ಧಕ್ಕೆಂದು ರೂಪುಗೊಂಡ ವಿಲ್ಲೀಸ್ ಜೀಪನ್ನು ಬಿಡಿಭಾಗಗಳಿಂದ ಜೋಡಿಸುವ ಕೆಲಸವನ್ನು ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ 1947ರಲ್ಲಿ ಆರಂಭಿಸಿತು. ಈ ಜೀಪಿನ ಬ್ರೇಕು ದ್ರವಚಾಲಿತ. ಹೀಗಾಗಿ ಅದರಲ್ಲಿ ಕಂಪ್ರೆಸರಿನ ಅಗತ್ಯವೇ ಇರಲಿಲ್ಲ. ಏರ್ ಬ್ರೇಕಿನ ಲಾರಿಯಲ್ಲಾದರೋ ಎಂಜಿನ್ ನಡೆಸುವ ಕಂಪ್ರೆಸರೂ ಗಾಳಿಯ ಟ್ಯಾಂಕೂ ಇರುತ್ತವೆ. ಘಾಟಿಯ ತಿರುವಿನಲ್ಲಿ ಲಾರಿ ನಿಲ್ಲಿಸಿ, ಅದರ ಟ್ಯಾಂಕಿನಿಂದ ಕೊಳವೆ ಎಳೆದು ಜೀಪಿನ ಟೈರಿಗೆ ಗಾಳಿ ತುಂಬಿದ ಕ್ಲೀನರನೊಬ್ಬನನ್ನು ನಾನು ವಿದ್ಯಾರ್ಥಿಯಾಗಿದ್ದಾಗ ನೋಡಿದ್ದೆ. ಬಾಯ್ಲ್ ನಿಯಮದ ಅಷ್ಟು ಒಳ್ಳೆಯ ಪ್ರಯೋಗವನ್ನು ನಾನು ಪ್ರಯೋಗಶಾಲೆಯಲ್ಲೂ ಕಂಡಿಲ್ಲ!

ಯುದ್ಧಕಾಲದಲ್ಲೇ ಇನ್ನೊಂದು ಹೆಜ್ಜೆ ನಡೆದಿತ್ತು. 1942ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 'ಡಕ್' ಎಂಬ ನೆಲ-ನೀರಿನ ಲಾರಿಯಲ್ಲಿ, ಚಾಲಕ ಕುಳಿತಲ್ಲಿಂದಲೇ ಟೈರಿನ ಒತ್ತಡವನ್ನು ಏರಿಸಿ ಇಳಿಸುವ ವ್ಯವಸ್ಥೆ ಬಂತು. ಮರಳಿಗೆ ಬಂದಾಗ ಇಳಿಸುವುದು, ಗಟ್ಟಿ ರಸ್ತೆಗೆ ಏರಿದಾಗ ತುಂಬುವುದು. 1944ರ ನಾರ್ಮಂಡಿ ದಾಳಿಯಲ್ಲಿ ಈ ಲಾರಿಗಳು ಬಳಕೆಯಾದವು. ಸೋವಿಯತ್ ಒಕ್ಕೂಟದಲ್ಲಿ 1958ರಿಂದ ತಯಾರಾದ ಜಿಲ್-157 ಲಾರಿಯಲ್ಲೂ ಇಂಥದೇ ವ್ಯವಸ್ಥೆ ಇತ್ತು.

ಸಾಮಾನ್ಯ ಜೀಪಿನವರು ಸರಳ ದಾರಿ ಹಿಡಿದರು. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ಜಾಗಕ್ಕೆ ಸಣ್ಣ ಪಂಪು ತಿರುಗಿಸಿ, ಉಳಿದ ಸಿಲಿಂಡರುಗಳಲ್ಲಿ ಎಂಜಿನ್ ನಡೆಸಿ ಗಾಳಿ ಪಡೆಯುವುದು ಹಳೆಯ ಉಪಾಯ. ಮುಂದೆ ಕಾರುಗಳಿಗೆ ಹವಾನಿಯಂತ್ರಣ ಬಂದ ಮೇಲೆ ಅದರ ಕಂಪ್ರೆಸರನ್ನೇ ಬೆಲ್ಟಿಗೆ ಜೋಡಿಸಿ ಗಾಳಿ ಒತ್ತಲು ಬಳಸಿದರು. ಯಾರ್ಕ್ ಮಾದರಿಯ ಪಿಸ್ಟನ್ ಕಂಪ್ರೆಸರು ಇದಕ್ಕೆ ಹೆಸರಾಯಿತು. ಕಾರಣವಿಷ್ಟೆ: ಅದರೊಳಗೆ ಎಣ್ಣೆಯ ತೊಟ್ಟಿ ಪ್ರತ್ಯೇಕವಾಗಿದೆ. ಅನೇಕ ಹೊಸ ಮಾದರಿಗಳಲ್ಲಿ ಶೀತಕ ಅನಿಲದ ಜೊತೆಗೇ ಎಣ್ಣೆ ಸುತ್ತುವುದರಿಂದ, ಬರಿಯ ಗಾಳಿ ಒತ್ತಿದರೆ ಅವು ಒಣಗಿ ಸವೆಯುತ್ತವೆ. 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸಣ್ಣ ವಿದ್ಯುತ್ ಕಂಪ್ರೆಸರುಗಳು ಮೂರನೆಯ ದಾರಿ. 30 ಆಂಪಿಯರ್ ಎಳೆದರೆ ಅದರ ಸಾಮರ್ಥ್ಯ 360 ವಾಟ್. ಇಷ್ಟು ಪ್ರವಾಹಕ್ಕೆ ದಪ್ಪ ತಂತಿ, ಫ್ಯೂಸ್, ರಿಲೇ ಬೇಕೇ ಬೇಕು.

ಲೆಕ್ಕ ಏನು ಹೇಳುತ್ತದೆ?

ಜನರೂ ಸೇರಿ 1,600 ಕಿ.ಗ್ರಾಂ ತೂಗುವ ಜೀಪಿನ ಪ್ರತಿ ಚಕ್ರದ ಮೇಲೆ 400 ಕಿ.ಗ್ರಾಂ ಭಾರವಿದೆ ಎನ್ನೋಣ. ಟೈರಿನ ಒತ್ತಡ ಚದರ ಅಂಗುಲಕ್ಕೆ 30 ಪೌಂಡ್, ಅಂದರೆ ಚದರ ಸೆಂ.ಮೀ.ಗೆ ಸುಮಾರು 2.1 ಕಿ.ಗ್ರಾಂ ಭಾರ ಇದ್ದರೆ, ನೆಲ ಮುಟ್ಟುವ ಭಾಗ ಸುಮಾರು 190 ಚದರ ಸೆಂ.ಮೀ. ಒತ್ತಡವನ್ನು 15 ಪೌಂಡಿಗೆ ಇಳಿಸಿದರೆ ಅದು 380 ಆಗುತ್ತದೆ. ಟೈರಿನ ಬಿಗುವಿನಿಂದ ನಿಜವಾದ ಅಂಕಿಗಳು ತುಸು ಬದಲಾಗುತ್ತವೆ. ಆದರೂ ಹೆಜ್ಜೆ ಅಗಲವಾಗಿ ಚಕ್ರ ಹೂಳುವುದು ತಪ್ಪುತ್ತದೆ, ದಾರಿಯೂ ಕಡಿಮೆ ಕೊರೆಯುತ್ತದೆ. ತಿರುಗಿದಲ್ಲೇ ತಿರುಗುವ ಚಕ್ರ ತೋಡಿದ ಗುಂಡಿ ಮುಂದಿನ ಮಳೆಗೆ ಕೊರಕಲಾಗುವುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ.

ಇದೇ ಮೆತ್ತಗಿನ ಟೈರು ಡಾಂಬರಿನ ಮೇಲೆ ವೇಗವಾಗಿ ಓಡಿದರೆ ಪಕ್ಕದ ಗೋಡೆಗಳು ಮಡಚಿ ಮಡಚಿ ಕಾಯುತ್ತವೆ. ತಿರುವಿನಲ್ಲಿ ಟೈರು ರಿಮ್ಮನ್ನೇ ಬಿಟ್ಟುಬಿಡಬಹುದು. ಜೀಪಿನ ತುಂಬ ಜನರಿದ್ದಾಗ ಇದು ಸಣ್ಣ ವಿಷಯವಲ್ಲ.

ಜೀಪಿನ ಟೈರಿನ ಒಳಗಾತ್ರ ಸುಮಾರು 35 ಲೀಟರ್. ಒತ್ತಡವನ್ನು 15ರಿಂದ 30 ಪೌಂಡಿಗೆ ಏರಿಸುವುದೆಂದರೆ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಸೇರಿಸಿದಂತೆ. ಅಂದರೆ ಪ್ರತಿ ಟೈರಿಗೆ 35 ಲೀಟರ್, ನಾಲ್ಕಕ್ಕೆ 140 ಲೀಟರ್ ಹೊರಗಾಳಿ. ಒಂದು ಎಳೆತಕ್ಕೆ ಅರ್ಧ ಲೀಟರ್ ಕೊಡುವ ಕೈಪಂಪಿನಿಂದ 280 ಬಾರಿ ಒತ್ತಬೇಕು! ನಿಮಿಷಕ್ಕೆ 40 ಲೀಟರ್ ಕೊಡುವ ಕಂಪ್ರೆಸರಿಗೆ ಮೂರೂವರೆ ನಿಮಿಷ ಸಾಕು. ಒತ್ತಡ ಏರಿದಂತೆ ಅದರ ಇಳುವರಿ ಕುಗ್ಗುವುದರಿಂದ ವಾಸ್ತವದಲ್ಲಿ ಇನ್ನಷ್ಟು ಹೊತ್ತು. ಕೊಡಚಾದ್ರಿಯ ಮೇಲೆ ವಾಯುಭಾರ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 14 ಕಡಿಮೆ, ಅಲ್ಲಿ ಕಂಪ್ರೆಸರು ಹೀರುವ ಗಾಳಿಯೂ ಅಷ್ಟೇ ತೆಳು.

ಟ್ಯಾಂಕ್ ಇದ್ದರೆ ಸಾಲದೆ? ಮಾಪಕದಲ್ಲಿ 8 ವಾಯುಮಂಡಲ ತೋರುವ 10 ಲೀಟರ್ ಟ್ಯಾಂಕನ್ನು 2ಕ್ಕೆ ಇಳಿಯುವವರೆಗೆ ಬಳಸಿದರೆ ದೊರೆಯುವುದು 10 × (8 – 2) = 60 ಲೀಟರ್. ಎರಡು ಟೈರಿಗೂ ಸಾಲದು. ಟ್ಯಾಂಕು ಕಣಜ ಮಾತ್ರ, ಗದ್ದೆಯಲ್ಲ.

ಬಿಸಿ, ನೀರು, ಅಪಾಯ

ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಎಲ್ಲರ ಅನುಭವ. 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು, ಉಷ್ಣ ಹೊರಹೋಗಲು ಬಿಡುವಿಲ್ಲದಂತೆ, ಒಂಬತ್ತು ಪಟ್ಟು ಒತ್ತಡಕ್ಕೆ ಏರಿಸಿದರೆ ತಾಪ ಸುಮಾರು 290 ಡಿಗ್ರಿ ಮುಟ್ಟಬೇಕು. ಸಿಲಿಂಡರಿನ ಗೋಡೆಗಳು ಶಾಖ ಹೀರುವುದರಿಂದ ಅಷ್ಟಾಗದು. ಆದರೂ ಕಂಪ್ರೆಸರಿನ ಬಾಯಿಗೆ ನೇರವಾಗಿ ಸಾದಾ ರಬ್ಬರ್ ಕೊಳವೆ ಜೋಡಿಸಬಾರದು. ಮೊದಲ ತುಂಡು ಲೋಹದ್ದಿರಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಮಳೆಗಾಲವನ್ನು ನೆನೆಯಿರಿ. 25 ಡಿಗ್ರಿಯ ತೇವಭರಿತ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಅದನ್ನು ಒಂಬತ್ತನೆಯ ಒಂದು ಭಾಗಕ್ಕೆ ಒತ್ತಿ ತಣಿಸಿದರೆ ಸುಮಾರು 20 ಗ್ರಾಂ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ತಳದಲ್ಲಿ ನಲ್ಲಿ ಇಟ್ಟು ಅದನ್ನು ಆಗಾಗ ಬಸಿಯದಿದ್ದರೆ ಟ್ಯಾಂಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ತುಕ್ಕು ಹಿಡಿದ ಟ್ಯಾಂಕು ಒಡೆದರೆ? ನಮ್ಮ 10 ಲೀಟರ್ ಟ್ಯಾಂಕಿನಲ್ಲಿರುವ ಶಕ್ತಿ ಸುಮಾರು 10,000 ಜೂಲ್. ಎತ್ತರದ ಅಡಿಕೆ ಮರದ ತುದಿಯಿಂದ, ಅಂದರೆ 20 ಮೀಟರ್ ಮೇಲಿನಿಂದ, 50 ಕಿ.ಗ್ರಾಂ ಮೂಟೆ ಬಿದ್ದಷ್ಟು. ಆದ್ದರಿಂದ ಹಳೆಯ ಶೀತಕದ ಡಬ್ಬಿ, ಗುಜರಿಯ ಸಿಲಿಂಡರ್ ಅಥವಾ ಪಿವಿಸಿ ಕೊಳವೆಯನ್ನು ಟ್ಯಾಂಕಾಗಿ ಬಳಸುವುದು ಆತ್ಮಘಾತುಕ. ಒತ್ತಡಕ್ಕೆಂದೇ ಪರೀಕ್ಷಿಸಿದ ಟ್ಯಾಂಕು, ಗಾಳಿ ಹಿಂದಕ್ಕೆ ಬಾರದಂತೆ ಒಮ್ಮುಖ ಕವಾಟ, ತಾನಾಗಿ ಕಂಪ್ರೆಸರನ್ನು ನಿಲ್ಲಿಸುವ ಒತ್ತಡ ಸ್ವಿಚ್, ಅದು ಕೈಕೊಟ್ಟಾಗ ತೆರೆದುಕೊಳ್ಳುವ ಸುರಕ್ಷತಾ ಕವಾಟ — ಈ ನಾಲ್ಕರಲ್ಲಿ ಒಂದನ್ನೂ ಬಿಡುವಂತಿಲ್ಲ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಬಾಯ್ಲ್ ನಿಯಮ ಕಲಿಸುವ ದಿನ ಒಂದು ಸೈಕಲ್ ಪಂಪು, ಒಂದು ಒತ್ತಡ ಮಾಪಕ ತರಗತಿಗೆ ತನ್ನಿ. ಎಷ್ಟು ಎಳೆತಕ್ಕೆ ಎಷ್ಟು ಒತ್ತಡ ಏರಿತೆಂದು ಮಕ್ಕಳೇ ಬರೆದು ನಕ್ಷೆ ಎಳೆಯಲಿ. ಅವರಲ್ಲಿ ಕೆಲವರು ನಾಳೆ ಜೀಪು ಓಡಿಸಬಹುದು, ಪಂಕ್ಚರ್ ಅಂಗಡಿ ಇಡಬಹುದು. ಸುರಕ್ಷತಾ ಕವಾಟ ಏಕೆ ಬೇಕೆಂಬುದು ಅವರಿಗೆ ಲೆಕ್ಕದಿಂದಲೇ ತಿಳಿದಿರಲಿ, ಅಪಘಾತದಿಂದಲ್ಲ.