ಗರಗಸದ ಆಯ್ಕೆ

ಮೇಜು, ಕುರ್ಚಿ, ಮಂಚಗಳ ಅಂದವನ್ನು ಮೆಚ್ಚುವವರು ಬಡಗಿಯ ಉಳಿಯನ್ನು ನೆನೆಯುವರೇ ಹೊರತು, ಅದಕ್ಕೂ ಮೊದಲು ದಿಮ್ಮಿಯನ್ನು ಹಲಗೆಯಾಗಿ ಸೀಳಿದ ಗರಗಸವನ್ನು ನೆನೆಯುವುದು ವಿರಳ. ಆದರೆ ಪೀಠೋಪಕರಣಗಳ ಕಾರ್ಖಾನೆಯ ಲಾಭನಷ್ಟಗಳು ಬಹುಮಟ್ಟಿಗೆ ನಿರ್ಣಯವಾಗುವುದು ಆ ಮೊದಲನೆಯ ಕೊಯ್ತದಲ್ಲಿಯೇ. ಯಾವ ಕೆಲಸಕ್ಕೆ ಯಾವ ಯಂತ್ರಗರಗಸವು ತಕ್ಕುದೆಂಬುದನ್ನು ತಿಳಿಯಲು ಐರೋಪ್ಯರಿಗೆ ಎರಡೂವರೆ ಶತಮಾನಗಳು ಹಿಡಿದುವು. ಆ ತಿಳಿವಿಗಾಗಿ ತೆತ್ತ ಬೆಲೆಯೂ ಅಲ್ಪವಾದುದಲ್ಲ.

ಯಂತ್ರಗಳು ಬರುವ ಮುನ್ನ ಇಂಗ್ಲೆಂಡಿನಲ್ಲಿ ದಿಮ್ಮಿಯನ್ನು ಕುಳಿಯ ಮೇಲಿರಿಸಿ ಇಬ್ಬರು ಕೊಯ್ಯುತ್ತಿದ್ದರು. ಮೇಲೆ ನಿಂತವನು ಗೆರೆ ತಪ್ಪದಂತೆ ಗರಗಸವನ್ನು ನಡೆಯಿಸುತ್ತಿದ್ದನು. ಕುಳಿಯೊಳಗಿನವನು ಕಣ್ಣಿಗೆ ಬೀಳುವ ಹುಡಿಯನ್ನು ಸಹಿಸಿಕೊಂಡು ಕೆಳಕ್ಕೆ ಎಳೆಯುತ್ತಿದ್ದನು. ಮಲೆನಾಡಿನಲ್ಲಿ ಅಟ್ಟಣೆಯ ಮೇಲೊಬ್ಬನು, ಕೆಳಗೊಬ್ಬನು ನಿಂತು ಕೊಯ್ಯುವ ಕ್ರಮವೂ ಇದೇ ಜಾತಿಯದು.

ಹಾಲೆಂಡಿನ ಕೊರ್ನೆಲಿಸ್ ಕೊರ್ನೆಲಿಸ್‌ಜೂನನು ಗಾಳಿಯ ಬಲದಿಂದ ಮರ ಕೊಯ್ಯುವ ಗಿರಣಿಗೆ 1593ರಲ್ಲಿ ಪೇಟೆಂಟು ಸನ್ನದನ್ನು ಪಡೆದನು. ರೆಕ್ಕೆಗಳ ಸುತ್ತುವಿಕೆಯು ಬಾಗುಕೀಲಿನ ಮೂಲಕ ಮೇಲುಕೆಳಗಿನ ಚಲನೆಯಾಗಿ, ಚೌಕಟ್ಟಿನಲ್ಲಿ ಬಿಗಿದ ಅಲಗನ್ನು ಆಡಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಇಂತಹ ಗಿರಣಿಗೆ ದೊರೆತ ಸ್ವಾಗತವೇ ಬೇರೆ. ಚಾರ್ಲ್ಸ್ ಡಿಂಗ್ಲಿ ಎಂಬ ವರ್ತಕನು ಲಂಡನ್ನಿನ ಲೈಮ್‌ಹೌಸಿನಲ್ಲಿ ಕಟ್ಟಿಸಿದುದನ್ನು 1768ರ ಮೇ ತಿಂಗಳಲ್ಲಿ ಮರಗೊಯ್ಯುವವರ ಗುಂಪು ನುಗ್ಗಿ ಹಾಳುಗೆಡವಿತು. ತಮ್ಮ ಅನ್ನಕ್ಕೆ ಕಲ್ಲು ಬೀಳುವುದೆಂಬುದೇ ಅವರ ಅಳಲು. ಗಿರಣಿಗಳನ್ನು ಕೆಡಹುವುದು ಘೋರಾಪರಾಧವೆಂದು ಪಾರ್ಲಿಮೆಂಟು ಮರುವರ್ಷವೇ ಶಾಸನ ಮಾಡಿತು. ಆದರೆ ಕೆಲಸ ಕಳೆದುಕೊಳ್ಳುವವರ ಪ್ರಶ್ನೆಗೆ ಶಾಸನವು ಉತ್ತರವಾಗಲಿಲ್ಲ.

ಚೌಕಟ್ಟಿನ ಗರಗಸವು ಇಳಿಯುವಾಗ ಮಾತ್ರ ಕೊಯ್ಯುತ್ತದೆ. ಏರುವ ಹೊತ್ತು ವ್ಯರ್ಥ. ಎಡೆಬಿಡದೆ ಕೊಯ್ಯುವ ಚಕ್ರಗರಗಸದ ಉಲ್ಲೇಖವು ಸೌತಾಂಪ್ಟನ್ನಿನ ಸ್ಯಾಮ್ಯುಅಲ್ ಮಿಲ್ಲರನು 1777ರಲ್ಲಿ ಪಡೆದ ಸನ್ನದಿನಲ್ಲಿದೆ. ಅದನ್ನು ಉನ್ನತಿಗೆ ಒಯ್ದವರಲ್ಲಿ ಮಾರ್ಕ್ ಬ್ರೂನೆಲನು ಮುಖ್ಯನು. ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಆತನು ನಡೆಯಿಸಿದ ಉಗಿಯ ಗಿರಣಿಯಲ್ಲಿ 18 ಅಡಿಗಳವರೆಗೆ ವ್ಯಾಸವುಳ್ಳ ಚಕ್ರಗಳು ಬೆಲೆಬಾಳುವ ಮರಗಳನ್ನು ತೆಳುಪದರಗಳಾಗಿ ಸೀಳುತ್ತಿದ್ದುವು. 1814ರಲ್ಲಿ ಗಿರಣಿಗೆ ಬೆಂಕಿ ಬಿದ್ದಿತು. ಯಂತ್ರವನ್ನು ಬಲ್ಲ ಬ್ರೂನೆಲನು ಲೆಕ್ಕಪತ್ರಗಳನ್ನು ಬಲ್ಲವನಾಗಿರಲಿಲ್ಲ. ಸಾಲ ಬೆಳೆದು 1821ರಲ್ಲಿ ಸೆರೆಮನೆಯನ್ನು ಸೇರಬೇಕಾಯಿತು.

ಸಾಮಾನ್ಯವಾದ ಚಕ್ರಗರಗಸದ ದೋಷವು ಅದರ ದಪ್ಪ. 12 ಅಂಗುಲದ ದಿಮ್ಮಿಯಿಂದ ಒಂದೊಂದು ಅಂಗುಲದ ಹಲಗೆಗಳನ್ನು ತೆಗೆಯುವಾಗ, ಕೊಯ್ತವೊಂದಕ್ಕೆ ಕಾಲು ಅಂಗುಲವು ಹುಡಿಯಾದರೆ ದೊರೆಯುವುವು 9 ಹಲಗೆಗಳು. ವೀಸ ಅಂಗುಲವು ಮಾತ್ರ ಹುಡಿಯಾದರೆ 11. ತೇಗ, ಬೀಟೆಗಳ ಬೆಲೆಯನ್ನು ಬಲ್ಲವರಿಗೆ ಈ ಎರಡು ಹಲಗೆಗಳ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಈ ಕೊರತೆಯನ್ನು ನೀಗಿದುದು ಪಟ್ಟಿಗರಗಸ. ಎರಡು ಗಾಲಿಗಳ ಮೇಲೆ ಓಡುವ ಉಕ್ಕಿನ ಪಟ್ಟಿಯ ಈ ಯಂತ್ರಕ್ಕೆ ವಿಲಿಯಂ ನ್ಯೂಬೆರಿಯು 1808ರಲ್ಲಿಯೇ ಸನ್ನದು ಪಡೆದಿದ್ದರೂ, ಕೂಡಿಸಿದೆಡೆಯಲ್ಲಿ ಪಟ್ಟಿಯು ಮುರಿಯುತ್ತಿದ್ದುದರಿಂದ ಅದು ಬಳಕೆಗೆ ಬರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆಯು ತುದಿಗಳನ್ನು ಬೆಸೆಯುವ ವಿಧಾನಕ್ಕೆ ಸನ್ನದು ಪಡೆದಳು. ಪ್ಯಾರಿಸ್ಸಿನ ಪೆರಿನ್ ಸಂಸ್ಥೆಯು ಅದನ್ನು ಕೊಂಡು ರೂಢಿಗೆ ತಂದಿತು. ಹುಡಿಯು ಕಡಿಮೆಯಾದುದಲ್ಲದೆ, ಕುರ್ಚಿಯ ಬೆನ್ನು ಕಾಲುಗಳ ಬಾಗುಗಳನ್ನೂ ಯಂತ್ರದಿಂದಲೇ ಕೊಯ್ಯುವಂತಾಯಿತು.

ಆದರೂ ಚಕ್ರಗರಗಸವು ಮೂಲೆಗೆ ಬೀಳಲಿಲ್ಲ. ನೇರವಾದ ಅಂಚಿಗೆ, ಪ್ಲೈವುಡ್ಡಿನ ಅಗಲವಾದ ಹಾಳೆಗಳಿಗೆ ಇಂದಿಗೂ ಅದೇ ತಕ್ಕುದು. ಅದರ ಅಪಾಯವನ್ನು ಮಾತ್ರ ಮರೆಯುವಂತಿಲ್ಲ. ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿದರೆ ಮರವು ಕೆಲಸಗಾರನ ಕಡೆಗೆ ಸಿಡಿಯುತ್ತದೆ. ಅಲಗಿನ ಹಿಂದೆ ಸೀಳನ್ನು ತೆರೆದಿಡುವ ಉಕ್ಕಿನ ನಾಲಗೆಯೂ ಮೇಲೊಂದು ಮುಚ್ಚಳವೂ ಇರಲೇಬೇಕೆಂದು ಬ್ರಿಟನ್ನಿನಲ್ಲಿ ನಿಯಮವಾದುದು 1922ರಲ್ಲಿ. ಅಂದರೆ ಮಿಲ್ಲರನ ಸನ್ನದಿನ 145 ವರ್ಷಗಳ ಮೇಲೆ.

ಆದುದರಿಂದ ಗರಗಸವನ್ನು ಕೊಳ್ಳುವ ಕಾರ್ಖಾನೆಯವನು ಅದರ ವೇಗವೊಂದನ್ನೇ ವಿಚಾರಿಸಿದರೆ ಸಾಲದು. ದಿಮ್ಮಿಯಲ್ಲಿ ಎಷ್ಟು ಭಾಗವು ಹುಡಿಯಾಗುವುದು, ಬೇಕಾದ ಕೊಯ್ತವು ನೇರವೋ ಬಾಗೋ, ಅದಕ್ಕೆ ಹಾಕಿದ ಹಣವನ್ನು ಮಾರಾಟವು ಹೊರಬಲ್ಲುದೋ, ಸಂಜೆಗೆ ಕೆಲಸಗಾರನು ಹತ್ತು ಬೆರಳುಗಳೊಡನೆ ಮನೆ ಸೇರುವನೋ ಎಂಬುವನ್ನೂ ಕೇಳಬೇಕು. ಕಡೆಯ ಪ್ರಶ್ನೆಯು ಚರಿತ್ರೆಯಲ್ಲಿ ಎಲ್ಲಕ್ಕಿಂತ ತಡವಾಗಿ ಬಂದಿತು. ಆಯ್ಕೆಯಲ್ಲಿ ಅದು ಎಲ್ಲಕ್ಕಿಂತ ಮೊದಲು ಬರತಕ್ಕುದು.